ಎಂಟು ಮೈಕಿನ ತಾಳಮದ್ದಳೆ ರೆಕಾರ್ಡಿಂಗ್: ವಾಲಿ ಕೇಳೋ ಮೊದಲೇ ರಾಮ ಉತ್ತರ ಕೊಡ್ತಿದ್ದಾನೆ, ಸರಿ ಮಾಡೋದು ಹೇಗೆ?

ಬೆಟ್ಟದಮನೆ ಮಾಣಿ:

ಎಲ್ಲರಿಗೂ ನಮಸ್ಕಾರ. ನಾನು ಸೌಂಡ್ ಇಂಜಿನಿಯರ್ ಅಲ್ಲ. ಸಿದ್ದಾಪುರದ ಹತ್ತಿರ ಅಡಿಕೆ ತೋಟ ನೋಡಿಕೊಂಡು ಇರುವವನು. ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ) ಹುಚ್ಚು ಒಂದು ಬಿಟ್ಟರೆ ಬೇರೆ ದುರಭ್ಯಾಸ ಇಲ್ಲ.

ಹೋದ ತಿಂಗಳು ನಮ್ಮ ಮನೆಯಲ್ಲೇ ಒಂದು ತಾಳಮದ್ದಳೆ ಇಟ್ಟುಕೊಂಡಿದ್ದೆವು. ವಾಲಿಯ ಕಥೆ. ಊರಿನ ಸೌಂಡ್ ಸಿಸ್ಟಮ್‌ನವರ ಹತ್ತಿರ ಎಂಟು ಚಾನೆಲಿನ ರೆಕಾರ್ಡರ್ ಇತ್ತು, ಬಾಡಿಗೆಗೆ ತಂದೆ. 1 ಭಾಗವತರು (ಹಾಡುವವರು), 2 ಮದ್ದಳೆ, 3 ಚೆಂಡೆ, 4ರಿಂದ 7 ಅರ್ಥಧಾರಿಗಳು (ಪಾತ್ರಗಳ ಮಾತು, ಅಂದರೆ ಅರ್ಥ ಹೇಳುವವರು), 8 ಶ್ರುತಿಪೆಟ್ಟಿಗೆ. ಅರ್ಥಧಾರಿಗಳು ಐದು ಜನ, ಮೈಕು ನಾಲ್ಕೇ. ಇದು ಸಾಲದು ಅಂತ ಜಗಲಿಯ ಕೊನೆಯ ಕಿಟಕಿಯಲ್ಲಿ ನನ್ನದೇ ಒಂದು ಪುಟ್ಟ ಸ್ಟೀರಿಯೋ ರೆಕಾರ್ಡರ್ ಇಟ್ಟಿದ್ದೆ, ಸಭೆಯವರ ನಗು, ಚಪ್ಪಾಳೆ ಬರಲಿ ಅಂತ. ಒಟ್ಟು 3 ಗಂಟೆ 48 ನಿಮಿಷ.

ಕಾರ್ಡ್ ತೆಗೆದು ನೋಡಿದರೆ ಎಂಟು ಫೈಲು. ಎಂಟು ಮೈಕಿಗೆ ಎಂಟು ಫೈಲು, ಲೆಕ್ಕ ಸರಿ ಇದೆ ಅಂದುಕೊಂಡೆ. ಅಲ್ಲೇ ಯಡವಟ್ಟಾಗಿದ್ದು. ಪ್ರತಿ ಫೈಲಿನೊಳಗೂ ಎಂಟೆಂಟು ಚಾನೆಲ್! ಏಳು ಫೈಲು ತಲಾ 31 ನಿಮಿಷ, ಎಂಟನೆಯದು ಹತ್ತು ನಿಮಿಷ ಚಿಲ್ಲರೆ. ರೀಪರ್ ಅನ್ನುವ ಆಡಿಯೋ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಹಾಕಿ, ಯಾವುದೋ ವಿಡಿಯೋ ನೋಡಿ ಎಲ್ಲ ಒಡೆದೆ, 64 ಟ್ರ್ಯಾಕ್ ಆಯ್ತು. ಅದರಲ್ಲಿ ಮೊದಲ ಎಂಟನ್ನು ಹಿಡಿದು ಕೆಲಸಕ್ಕೆ ಕೂತೆ.

ರಾಮನ ಅರ್ಥ ಹೇಳಿದವರಿಗೆ ಅವತ್ತು ಶೀತ. ಅವರ ಮೈಕಿನಲ್ಲಿ ಕೆಮ್ಮು, ಗಂಟಲು ಸರಿಮಾಡಿಕೊಳ್ಳೋದು, ನೀರು ಕುಡಿಯೋದು ಎಲ್ಲಾ ಕತ್ತರಿಸಿ ಡಿಲೀಟ್ ಮಾಡುತ್ತಾ ಹೋದೆ. ಎರಡು ರಾತ್ರಿ ಕೂತು ಚೊಕ್ಕ ಮಾಡಿದೆ. ಮೂರನೇ ದಿನ ಎಲ್ಲಾ ಟ್ರ್ಯಾಕ್ ಒಟ್ಟಿಗೆ ಹಾಕಿ ಕೇಳಿದರೆ ವಾಲಿ ಪ್ರಶ್ನೆ ಕೇಳುವ ಮೊದಲೇ ರಾಮ ಉತ್ತರ ಕೊಡ್ತಿದ್ದಾನೆ. ಅದೇ ಉತ್ತರ ವಾಲಿಯ ಮೈಕಿನೊಳಗಿಂದ 14 ಸೆಕೆಂಡ್ ಬಿಟ್ಟು ಭೂತದ ಹಾಗೆ ಮತ್ತೆ ಕೇಳಿಸುತ್ತದೆ. ವಾಲಿಯನ್ನು ಮರದ ಮರೆಯಿಂದ ಹೊಡೆದದ್ದಕ್ಕಿಂತ ದೊಡ್ಡ ಅನ್ಯಾಯ ನಾನು ಮಾಡಿದ ಹಾಗಿದೆ.

ಇದನ್ನೆಲ್ಲ ಮೊದಲಿನಿಂದ ಹೇಗೆ ಜೋಡಿಸಿಕೊಳ್ಳಬೇಕು? ತಿಳಿದವರು ದಯವಿಟ್ಟು ಹೇಳಿ. ಅಪ್ಪನಿಗೆ ಯುಗಾದಿಯ ಹೊತ್ತಿಗೆ ಕೇಳಿಸುತ್ತೇನೆ ಅಂತ ಮಾತು ಕೊಟ್ಟಿದ್ದೇನೆ.

ಹೆಡ್‌ಫೋನ್ ಹುಡುಗಿ:

ಅಣ್ಣ, ಮೊದಲು ಉಸಿರು ಬಿಡಿ. ರೀಪರ್ ನಿಮ್ಮ ಮೂಲ ಫೈಲನ್ನು ಮುಟ್ಟೋದೇ ಇಲ್ಲ. ಎಲ್ಲಿಂದ ಎಲ್ಲಿವರೆಗೆ ನುಡಿಸಬೇಕು ಅನ್ನೋದನ್ನಷ್ಟೇ ಬರೆದಿಟ್ಟುಕೊಳ್ಳುತ್ತೆ. ನೀವು ಕತ್ತರಿಸಿದ ಕೆಮ್ಮೆಲ್ಲಾ ಕಾರ್ಡಿನಿಂದ ಇಳಿಸಿದ ಫೈಲಿನಲ್ಲಿ ಕ್ಷೇಮವಾಗಿದೆ. 🙂

ಆಗಿದ್ದು ಇಷ್ಟೇ. ಮೇಲಿನ ಟೂಲ್‌ಬಾರಿನಲ್ಲಿ ರಿಪಲ್ ಎಡಿಟಿಂಗ್ ಅಂತ ಒಂದು ಬಟನ್ ಇದೆ. ಅದಕ್ಕೆ ಮೂರು ಸ್ಥಿತಿ: ಆಫ್, ಆ ಒಂದು ಟ್ರ್ಯಾಕಿಗೆ ಮಾತ್ರ, ಎಲ್ಲಾ ಟ್ರ್ಯಾಕಿಗೂ. ನಿಮ್ಮದು ನಡುವಿನದರಲ್ಲಿ ಇತ್ತು. ಹಾಗಾಗಿ ರಾಮನ ಟ್ರ್ಯಾಕಿನಲ್ಲಿ ಡಿಲೀಟ್ ಮಾಡಿದ ಪ್ರತಿ ಸಲವೂ ಮುಂದಿನದ್ದೆಲ್ಲಾ ಹಿಂದಕ್ಕೆ ಸರಿದಿದೆ, ಉಳಿದ ಏಳು ಅಲ್ಲೇ ಕೂತಿವೆ. ನಾನು ನಾಲ್ಕು ಜನರ ಮಾತುಕತೆಯ ಪಾಡ್‌ಕಾಸ್ಟ್ ಎಡಿಟ್ ಮಾಡ್ತೀನಿ, ನನ್ನ ಮೊದಲ ಎಪಿಸೋಡಿನಲ್ಲೂ ಇದೇ ಆಗಿತ್ತು. ಅತಿಥಿ ಜೋಕ್ ಹೇಳುವ ಮುಂಚೆ ನಾನು ನಗ್ತಿದ್ದೆ.

ಹಳೇ ಪ್ರಾಜೆಕ್ಟನ್ನು ರಿಪೇರಿ ಮಾಡೋಕೆ ಹೋಗಬೇಡಿ. ಹೊಸದು ತೆರೀರಿ. ಅಡಾಸಿಟಿ ಅನ್ನೋ ಇನ್ನೊಂದು ಎಡಿಟಿಂಗ್ ಸಾಫ್ಟ್‌ವೇರ್ ಬಳಸೋರಿಗೂ ಹೇಳ್ತೀನಿ, ಅದರಲ್ಲಿ ಇದಕ್ಕೆ ಸಿಂಕ್-ಲಾಕ್ ಅಂತ ಇದೆ, ಆನ್ ಮಾಡಿ ಕೆಲಸ ಶುರು ಮಾಡಿ. ಜೋಡಣೆ ಬಗ್ಗೆ ಸ್ಪೂಲುರಾಯರು ಬಂದರೆ ಚೆನ್ನಾಗಿ ಹೇಳ್ತಾರೆ.

ಸ್ಪೂಲುರಾಯ:

ಬಂದೆ ಮಾರಾಯ್ತಿ. ಊಟ ಮಾಡ್ಲಿಕ್ಕೆ ಬಿಡುವುದಿಲ್ಲ ನೀವು.

ಮಾಣಿ, ಒಂದು ತಮಾಷೆ ಮೊದಲು. ನಿನ್ನ ರೆಕಾರ್ಡರ್ ಯಾಕೆ 31 ನಿಮಿಷಕ್ಕೊಮ್ಮೆ ಫೈಲು ಮುರಿಯಿತು? 48 ಕಿಲೋಹರ್ಟ್ಸ್, 24 ಬಿಟ್ ಅಂದರೆ ಒಂದು ಚಾನೆಲಿಗೆ ಸೆಕೆಂಡಿಗೆ 1,44,000 ಬೈಟ್. ಎಂಟು ಚಾನೆಲಿಗೆ 11,52,000. ಹಾಗೆ ತುಂಬುತ್ತಾ ಹೋದರೆ 31 ನಿಮಿಷಕ್ಕೆ 2 ಜಿಬಿ ಆಗುತ್ತದೆ. ಅಲ್ಲಿಗೆ ನಿನ್ನ ಪೆಟ್ಟಿಗೆ ಒಂದು ಫೈಲು ಮುಚ್ಚಿ ಇನ್ನೊಂದು ತೆರೆಯುತ್ತದೆ. ನಾನು ರೇಡಿಯೋದಲ್ಲಿ ಕೆಲಸ ಮಾಡುವ ಕಾಲಕ್ಕೆ ಕಾಲಿಂಚು ಟೇಪು, 1200 ಅಡಿಯ ಸ್ಪೂಲು. ಸೆಕೆಂಡಿಗೆ ಏಳೂವರೆ ಇಂಚಿನ ವೇಗದಲ್ಲಿ ಅದು ಓಡುತ್ತಿದ್ದದ್ದು 32 ನಿಮಿಷ! ಎಲ್ಲಾ ಬದಲಾಯಿತು ಅನ್ನುತ್ತಾರೆ, ಸ್ಪೂಲಿನ ಉದ್ದ ಮಾತ್ರ ಬದಲಾಗಲಿಲ್ಲ ನೋಡು. ವ್ಯತ್ಯಾಸ ಇಷ್ಟೇ, ನಾವು ಸ್ಪೂಲು ಬದಲಿಸುವಾಗ ಭಾಗವತರ ಅರ್ಧ ಪದ (ಹಾಡು) ಹೋಗುತ್ತಿತ್ತು, ನಿನ್ನದರಲ್ಲಿ ಒಂದಕ್ಷರವೂ ಹೋಗುವುದಿಲ್ಲ.

ಹಾಗಾಗಿ ಎಂಟು ಫೈಲನ್ನು ಎಂಟು ಟ್ರ್ಯಾಕಿಗೆ ಹಾಕಬೇಡ. ಎಂಟನ್ನೂ ಒಟ್ಟಿಗೆ ಎಳೆದು ಹಾಕಿದರೆ ರೀಪರ್ ಕೇಳುತ್ತದೆ, ಬೇರೆ ಬೇರೆ ಟ್ರ್ಯಾಕಿಗೋ, ಒಂದೇ ಟ್ರ್ಯಾಕಿಗೆ ಸಾಲಾಗಿಯೋ ಅಂತ. ಸಾಲಾಗಿ ಅನ್ನು. ಈಗ ಒಂದೇ ಟ್ರ್ಯಾಕಿನಲ್ಲಿ ಇಡೀ ರಾತ್ರಿ ಮಲಗಿತು. ಆ ಟ್ರ್ಯಾಕನ್ನು ಏಳು ಸಲ ನಕಲು ಮಾಡು. ಮೊದಲನೆಯದರ ಎಲ್ಲಾ ತುಂಡು ಆರಿಸಿ ಎಫ್2 ಒತ್ತು, ಚಾನೆಲ್ ಮೋಡ್ ಅಂತ ಇದೆ, ಅಲ್ಲಿ ಮೋನೋ 1. ಎರಡನೆಯದಕ್ಕೆ ಮೋನೋ 2. ಹೀಗೇ ಎಂಟರವರೆಗೆ. ಡಿಸ್ಕಿನಲ್ಲಿ ಹೊಸ ಫೈಲು ಒಂದೂ ಹುಟ್ಟುವುದಿಲ್ಲ, 64 ಟ್ರ್ಯಾಕಿನ ಜಾತ್ರೆಯೂ ಇಲ್ಲ. ತುಂಡು ತುಂಡು ಕೂಡುವ ಜಾಗದಲ್ಲಿ ಹತ್ತಿರ ಹೋಗಿ ನೋಡು, ರೀಪರ್ ತಾನಾಗಿ ಸಣ್ಣ ಫೇಡ್ (ದನಿ ಇಳಿಸಿ ಏರಿಸುವುದು) ಹಾಕಿದ್ದರೆ ತೆಗೆ. ಇಲ್ಲದಿದ್ದರೆ 31 ನಿಮಿಷಕ್ಕೊಮ್ಮೆ ಶ್ರುತಿ ಒಂದು ಸಲ ಕಣ್ಣು ಮಿಟುಕಿಸಿದ ಹಾಗೆ ಆಗುತ್ತದೆ. ಬೇರೆಲ್ಲೂ ಗೊತ್ತಾಗುವುದಿಲ್ಲ, ಶ್ರುತಿಯಲ್ಲಿ ಗೊತ್ತಾಗುತ್ತದೆ.

ಇದಕ್ಕೂ ಮುಂಚೆ ಒಂದು ಕೆಲಸ ಉಂಟು, ಅದಕ್ಕೆ ಕಂಪ್ಯೂಟರ್ ಬೇಡ. ಒಂದು ಕಾಗದ ತೆಗೆದುಕೊಂಡು ಅವತ್ತು ಯಾರು ಎಲ್ಲಿ ಕೂತಿದ್ದರು ಅಂತ ಚಿತ್ರ ಬರೆ. ನಡುವೆ ಭಾಗವತರು, ಅವರ ಪಕ್ಕ ಮದ್ದಳೆ, ಚೆಂಡೆ, ಎದುರುಬದುರು ಅರ್ಥಧಾರಿಗಳು. ಪ್ರತಿ ಮೈಕಿಗೂ ಅದರ ನಂಬ್ರ. ಈಗಲೇ ಬರೆ, ನೆನಪು ಇರುವಾಗ. ಇನ್ನಾರು ತಿಂಗಳಿಗೆ ಆರನೇ ಮೈಕು ಯಾರದ್ದು ಅಂತ ನಿನಗೇ ಗೊತ್ತಿರುವುದಿಲ್ಲ.

ಟ್ರ್ಯಾಕಿಗೆ ಹೆಸರಿಡುವಾಗ 'ರಾಮ', 'ವಾಲಿ' ಅಂತ ಇಡಬೇಡ. ಐದು ಜನ, ನಾಲ್ಕು ಮೈಕು ಅಂದೆಯಲ್ಲ, ಹಾಗಾದರೆ ಎಲ್ಲೋ ಒಂದು ಕಡೆ ಒಬ್ಬರು ಎದ್ದು ಇನ್ನೊಬ್ಬರು ಕೂತಿದ್ದಾರೆ. ಸುಗ್ರೀವನ ಮೈಕಿನಲ್ಲಿ ತಾರೆ ಬಂದಿರುತ್ತಾಳೆ. ಮೈಕು ಪಾತ್ರಕ್ಕೆ ಸೇರಿದ್ದಲ್ಲ, ಜಾಗಕ್ಕೆ ಸೇರಿದ್ದು. ಎಡ-1, ಎಡ-2, ಬಲ-1, ಬಲ-2 ಅಂತ ಇಡು. ಯಾರು ಯಾವಾಗ ಕೂತರು ಅನ್ನುವುದನ್ನು ಮಾರ್ಕರಿನಲ್ಲಿ ಬರೆ, ಎಂ ಒತ್ತಿದರೆ ಮಾರ್ಕರ್ ಬೀಳುತ್ತದೆ. ನಾನು ಹೀಗೆ ಒಂದು ಸಲ ಪಾತ್ರದ ಹೆಸರಿಟ್ಟು, ಕೊನೆಗೆ ಕೃಷ್ಣನ ಮೈಕಿಗೆ ಹಾಕಬೇಕಾದ ಟ್ರೆಬಲ್ಲನ್ನು ದ್ರೌಪದಿಗೆ ಹಾಕಿ ಬೈಸಿಕೊಂಡಿದ್ದೇನೆ.

ಆಮೇಲೆ ಮೂರು ಫೋಲ್ಡರ್ ಟ್ರ್ಯಾಕ್ ಸಾಕು. ಹಿಮ್ಮೇಳ: ಭಾಗವತರು, ಮದ್ದಳೆ, ಚೆಂಡೆ, ಶ್ರುತಿ. ಮುಮ್ಮೇಳ: ನಾಲ್ಕು ಜಾಗ. ಸಭೆ: ನಿನ್ನ ಕಿಟಕಿಯ ರೆಕಾರ್ಡರ್. ಒಂದೊಂದಕ್ಕೆ ಒಂದೊಂದು ಬಣ್ಣ. ಬಣ್ಣ ಶೋಕಿಗೆ ಅಂತ ಅಂದುಕೊಂಡಿದ್ದೆ ನಾನೂ. ರಾತ್ರಿ ಹನ್ನೊಂದರ ಮೇಲೆ ಹೆಸರು ಓದುವುದಕ್ಕೆ ಕಣ್ಣು ಒಪ್ಪುವುದಿಲ್ಲ, ಬಣ್ಣ ಮಾತ್ರ ಕಾಣುತ್ತದೆ. ಪದ ಬಂದಾಗ ಹಿಮ್ಮೇಳದ ಫೋಲ್ಡರ್ ಒಂದನ್ನು ಏರಿಸಿದರೆ ನಾಲ್ಕೂ ಒಟ್ಟಿಗೆ ಏರುತ್ತವೆ, ಅರ್ಥ ಶುರುವಾದಾಗ ಇಳಿಸು.

ಇಷ್ಟಾದ ಮೇಲೆ ಕಂಟ್ರೋಲ್-ಎ ಒತ್ತಿ ಎಲ್ಲಾ ಆರಿಸಿ ಜಿ ಒತ್ತು. ಗುಂಪಾಯಿತು. ಇನ್ನು ಒಂದನ್ನು ಎಳೆದರೆ ಎಲ್ಲವೂ ಬರುತ್ತವೆ, ಒಂದನ್ನು ಕತ್ತರಿಸಿದರೆ ಎಲ್ಲವೂ ತುಂಡಾಗುತ್ತವೆ. ಟೇಪಿನ ಕಾಲದಲ್ಲಿ ನಮಗೆ ಈ ಪಾಠ ಯಾರೂ ಹೇಳಬೇಕಾಗಿರಲಿಲ್ಲ. ಬ್ಲೇಡು ಹಾಕಿದರೆ ಇಡೀ ಟೇಪೇ ತುಂಡಾಗುತ್ತಿತ್ತು, ರಾಮನ ಟೇಪು ಬೇರೆ ವಾಲಿಯ ಟೇಪು ಬೇರೆ ಅಂತ ಇರಲಿಲ್ಲವಲ್ಲ.

ಕೆಮ್ಮಿಗೆ ಏನು ಮಾಡುವುದು ಅಂತ ಕೇಳುತ್ತೀ. ಆ ಹೊತ್ತಿನಲ್ಲಿ ಬೇರೆಯವರು ಮಾತಾಡುತ್ತಿದ್ದರೆ ಸಮಯವನ್ನು ಮುಟ್ಟಬೇಡ, ಆ ಒಂದು ಮೈಕಿನ ವಾಲ್ಯೂಮನ್ನು ಅಷ್ಟು ಹೊತ್ತು ಇಳಿಸು. ಪೂರ್ತಿ ಸೊನ್ನೆಗೆ ಇಳಿಸಬೇಡ, ಹತ್ತು ಡೆಸಿಬಲ್ ಸಾಕು. ಎಲ್ಲಾ ಮೈಕಿಗೂ ಎಲ್ಲರ ಶಬ್ದ ಅಷ್ಟಿಷ್ಟು ಬಿದ್ದಿರುತ್ತದೆ, ಒಂದನ್ನು ತಟ್ಟನೆ ಮುಚ್ಚಿದರೆ ಇಡೀ ಜಗಲಿಯ ಗಾಳಿಯೇ ಬದಲಾದ ಹಾಗೆ ಕೇಳುತ್ತದೆ. ಯಾರೂ ಮಾತಾಡದೆ ಬರೀ ಕೆಮ್ಮು, ಬರೀ ನೀರು ಕುಡಿಯುವುದು ಇದ್ದರೆ ಆಗ ಎಲ್ಲವನ್ನೂ ಒಟ್ಟಿಗೆ ಕತ್ತರಿಸು, ಹುಡುಗಿ ಹೇಳಿದ ಎಲ್ಲಾ ಟ್ರ್ಯಾಕಿನ ರಿಪಲ್ ಹಾಕಿಕೊಂಡು. ಆದರೂ ಪೂರ್ತಿ ಕತ್ತರಿಸಬೇಡ ಮಾರಾಯ. ಅರ್ಥಧಾರಿ ನೀರು ಕುಡಿಯುವುದು ಬಹಳ ಸಲ ನೀರಡಿಕೆಗಲ್ಲ, ಎದುರಿನವರ ಪ್ರಶ್ನೆಗೆ ಉತ್ತರ ಹುಡುಕುವುದಕ್ಕೆ. ಅದೂ ತಾಳಮದ್ದಳೆಯೇ.

ಮೂಲ ಫೈಲುಗಳನ್ನು ಒಂದು ಹೊರಗಿನ ಡ್ರೈವಿಗೆ ನಕಲು ಮಾಡಿ, ಆಮೇಲೆ ಕಾರ್ಡ್ ವಾಪಸ್ ಕೊಡು. ಹೆಸರಿನಲ್ಲಿ ವರ್ಷ ಮೊದಲು, ಆಮೇಲೆ ತಿಂಗಳು, ದಿನ. ಸಾಲಿನ ನಂಬ್ರ 01, 02 ಅಂತ ಬರೆ. ಬರೀ 1, 2 ಬರೆದರೆ ಕೆಲವು ಕಡೆ 10 ಬಂದು 2ರ ಮುಂದೆ ಕೂರುತ್ತದೆ.

ಬೂಮ್ ಹಿಡಿಯುವವ:

ರಾಯರು ಹೇಳಿದ್ದಕ್ಕೆಲ್ಲಾ ನನ್ನ ಒಪ್ಪಿಗೆ ಇದೆ, ಒಂದು ಸೇರಿಸ್ತೀನಿ. ನಾನು ಸಿನಿಮಾ ಸಿಂಕ್ ಸೌಂಡಿನಲ್ಲಿ, ಅಂದರೆ ಶೂಟಿಂಗ್ ಜಾಗದಲ್ಲೇ ಮಾತು ರೆಕಾರ್ಡ್ ಮಾಡೋದರಲ್ಲಿ, ಸಹಾಯಕ. ನಮ್ಮಲ್ಲಿ ಹೆಸರಿಡುವ ಕೆಲಸ ಎಡಿಟಿಂಗ್ ಟೇಬಲ್ಲಿಗೆ ಬರೋ ಹೊತ್ತಿಗೆ ಮುಗಿದಿರುತ್ತೆ. ಒಳ್ಳೆ ರೆಕಾರ್ಡರುಗಳಲ್ಲಿ ಟ್ರ್ಯಾಕಿನ ಹೆಸರನ್ನು ಮೊದಲೇ ಟೈಪ್ ಮಾಡಿಟ್ಟರೆ ಅದು ವೇವ್ ಫೈಲಿನೊಳಗೇ ಬರೆದು ಬರುತ್ತೆ. ಗಡಿಯಾರ ಸರಿಯಿಟ್ಟಿದ್ದರೆ ಶುರುವಾದ ಸಮಯವೂ ಫೈಲಿನಲ್ಲೇ ಇರುತ್ತೆ. ಮುಂದಿನ ಸಲ ಬಾಡಿಗೆಗೆ ತಂದಾಗ ಹತ್ತು ನಿಮಿಷ ಅದಕ್ಕೆ ಇಡಿ.

ಕಿಟಕಿಯ ರೆಕಾರ್ಡರನ್ನು ಹೊಂದಿಸೋಕೆ ಕ್ಲ್ಯಾಪ್ ಹೊಡೆದಿದ್ರಾ? ಇಲ್ಲ ಅಂತ ಗೊತ್ತು, ಯಾರೂ ಹೊಡೆಯಲ್ಲ. ಪರವಾಗಿಲ್ಲ, ಚೆಂಡೆಯ ಮೊದಲ ಪೆಟ್ಟು ಇದೆಯಲ್ಲ. ಅದಕ್ಕಿಂತ ಒಳ್ಳೆ ಕ್ಲ್ಯಾಪ್ ಬೇಕಾ? 3ನೇ ಚಾನೆಲಿನ ಪೆಟ್ಟು, ಕಿಟಕಿಯಲ್ಲಿ ಕೇಳಿದ ಅದೇ ಪೆಟ್ಟು, ಪರದೆಯ ಮೇಲೆ ಕಾಣುವ ಅಲೆಯಲ್ಲಿ ಎರಡರ ಮೊನೆಯನ್ನೂ ದೊಡ್ಡದು ಮಾಡಿ ಒಂದರ ಕೆಳಗೆ ಒಂದು ಕೂರಿಸಿ. ಕಿಟಕಿ ಹನ್ನೆರಡು ಮೀಟರ್ ದೂರ ಇದ್ದರೆ ಶಬ್ದ ಅಲ್ಲಿಗೆ ಮುಟ್ಟೋಕೆ ಸುಮಾರು 35 ಮಿಲಿಸೆಕೆಂಡ್ ಬೇಕು. ಮೊನೆಗೆ ಮೊನೆ ಕೂರಿಸಿದರೆ ಆ ದೂರವೂ ಅಳಿಸಿಹೋಗುತ್ತೆ, ಚೆಂಡೆ ಹರಿತವಾಗಿ ಕೇಳುತ್ತೆ.

ಸ್ಪೂಲುರಾಯ:

ಇದು ಒಂದಕ್ಕೆ ನನ್ನ ತಕರಾರು ಉಂಟು. ಮೊನೆಗೆ ಮೊನೆ ಕೂರಿಸಿ, ಆಮೇಲೆ ಆ 35 ಮಿಲಿಸೆಕೆಂಡನ್ನು ವಾಪಸ್ ಕೊಡಿ. ಸಭೆ ದೂರ ಇತ್ತು, ದೂರವೇ ಕೇಳಲಿ. ಕಿಟಕಿಯನ್ನು ತಂದು ಭಾಗವತರ ತೊಡೆಯ ಮೇಲೆ ಕೂರಿಸುವುದು ಯಾಕೆ?

ಬೂಮ್ ಹಿಡಿಯುವವ:

ಸಭೆ ಮೈಕನ್ನು ನಗುವಿಗೆ ಮಾತ್ರ ಏರಿಸೋದಾದರೆ ರಾಯರ ಮಾತು ಸರಿ. ಉದ್ದಕ್ಕೂ ಮಿಕ್ಸಿನಲ್ಲಿ ಇಡೋದಾದರೆ ಎರಡು ರೀತಿಯಲ್ಲೂ ಕೇಳಿ ನೋಡಲಿ. ನಾನು ಸಿನಿಮಾದವನು, ನನಗೆ ಮಾತು ಸ್ಪಷ್ಟ ಇರಬೇಕು ಅಷ್ಟೆ.

ಬೆಟ್ಟದಮನೆ ಮಾಣಿ:

ನಾಲ್ಕು ದಿನ ಆಯ್ತು. ಹೊಸ ಪ್ರಾಜೆಕ್ಟ್, ಎಂಟು ಟ್ರ್ಯಾಕ್, ಮೂರು ಫೋಲ್ಡರ್. ಹಿಮ್ಮೇಳ ಹಸಿರು, ಮುಮ್ಮೇಳ ಕೆಂಪು, ಸಭೆ ಬೂದಿ. ರಾಯರೇ, ಚಿತ್ರ ಬರೆಯಲು ಕೂತಾಗ ಎಡ-2ರಲ್ಲಿ ಯಾರಿದ್ದರು ಅಂತ ನನಗೂ ಭಾವನಿಗೂ ಜಗಳವೇ ಆಯ್ತು. ಕೊನೆಗೆ ಫೋಟೋ ನೋಡಿ ತೀರ್ಮಾನ. ನೀವು ಹೇಳಿದ್ದು ಸರಿ, ಚಹಾದ ನಂತರ ಸುಗ್ರೀವನ ಜಾಗಕ್ಕೆ ತಾರೆಯವರು ಬಂದಿದ್ದಾರೆ. ಸುಗ್ರೀವ ಆಮೇಲೆ ಬಲ-2ರ ಮೈಕಿಗೆ ಪಕ್ಕದಿಂದ ಬಗ್ಗಿ ಮಾತಾಡಿದ್ದಾರೆ, ಅದಕ್ಕೇ ಅಲ್ಲಿ ದನಿ ತೆಳುವಾಗಿದ್ದು. ಮೈಕೇ ಹಾಳು ಅಂದುಕೊಂಡಿದ್ದೆ.

ಇನ್ನೊಂದು ವಿಷಯ. ಶುರುವಾಗುವ ಮೊದಲಿನ ಹನ್ನೆರಡು ನಿಮಿಷ ಎಲ್ಲಾ ಮೈಕೂ ಆನ್ ಇದ್ದವು. ಬಲ-1ರಲ್ಲಿ ನಮ್ಮ ಊರಿನ ಒಂದು ಗಡಿ ವ್ಯಾಜ್ಯದ ಪೂರ್ತಿ ಇತಿಹಾಸ ಇದೆ. ಅದನ್ನು ಎಂಟೂ ಟ್ರ್ಯಾಕಿನಿಂದ ಒಟ್ಟಿಗೆ ತೆಗೆದೆ. ಒಂದರಲ್ಲಿ ತೆಗೆದರೆ ಉಳಿದ ಏಳರಲ್ಲೂ ಕೇಳಿಸುತ್ತದೆ ಅಂತ ಈಗ ಬುದ್ಧಿ ಬಂದಿದೆ.

ಈಗ ಹೊಸ ತೊಂದರೆ. ಕಿಟಕಿಯ ರೆಕಾರ್ಡರನ್ನು ಚೆಂಡೆಯ ಮೊದಲ ಪೆಟ್ಟಿಗೆ ಸರಿಯಾಗಿ ಕೂರಿಸಿದೆ. ಮೊದಲ ಅರ್ಧ ಗಂಟೆ ಚಂದ. ಮುಂದೆ ಹೋದ ಹಾಗೆ ಗುಂಯ್ ಅನ್ನುತ್ತದೆ, ಕೊನೆಯ ಮಂಗಳದ ಹೊತ್ತಿಗೆ ಜಾಗಟೆ ಎರಡೆರಡು ಸಲ ಕೇಳುತ್ತದೆ. ಅಳೆದೆ, ಕಾಲು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು, 0.27 ಬರುತ್ತದೆ. ನಾನು ಏನನ್ನೂ ಕತ್ತರಿಸಿಲ್ಲ, ದೇವರಾಣೆ.

ಹೆಡ್‌ಫೋನ್ ಹುಡುಗಿ:

ನಿಮ್ಮ ತಪ್ಪಲ್ಲ ಅಣ್ಣ. ಎರಡು ಯಂತ್ರ ಅಂದರೆ ಎರಡು ಗಡಿಯಾರ. ಎರಡೂ 48,000 ಅಂತ ಬರೆದುಕೊಂಡಿರ್ತವೆ, ಆದರೆ ಒಳಗಿನ ಹರಳುಗಳು ಕೂದಲಷ್ಟು ಹೆಚ್ಚುಕಮ್ಮಿ ಓಡ್ತವೆ. ನಿಮ್ಮದು ಹತ್ತು ಲಕ್ಷಕ್ಕೆ 20ರಷ್ಟು ವ್ಯತ್ಯಾಸ, ಗಂಟೆಗೆ 72 ಮಿಲಿಸೆಕೆಂಡ್. 3 ಗಂಟೆ 48 ನಿಮಿಷಕ್ಕೆ ಲೆಕ್ಕ ಹಾಕಿ, ನಿಮ್ಮ 0.27 ಸರಿಯಾಗಿ ಬರುತ್ತೆ. ಒಂದೇ ಪೆಟ್ಟಿಗೆಗೆ ಹೋದ ಎಂಟು ಮೈಕಿನ ನಡುವೆ ಇದು ಯಾವತ್ತೂ ಆಗಲ್ಲ.

ಎರಡು ದಾರಿ. ಕಿಟಕಿಯ ಟ್ರ್ಯಾಕನ್ನು ಗುಂಪಿನಿಂದ ಬಿಡಿಸಿ, ಅದಕ್ಕೆ ಯು ಒತ್ತಬೇಕು. ಆಮೇಲೆ ಆಲ್ಟ್ ಹಿಡಿದು ಅದರ ಬಲ ಅಂಚನ್ನು ಎಳೆದು ಕೊನೆಯ ಜಾಗಟೆಗೆ ಹೊಂದಿಸಿ. ವೇಗ ಒಂದು ಚೂರೇ ಚೂರು ಬದಲಾಗುತ್ತೆ, ಯಾವ ಕಿವಿಗೂ ಗೊತ್ತಾಗಲ್ಲ. ಅದು ಎರಡು ಫೈಲಾಗಿ ಬಂದಿದ್ದರೆ ಮೊದಲು ಅಂಟಿಸಿ ಒಂದು ಮಾಡಿ.

ನಾನು ಮಾಡೋದು ಎರಡನೇ ದಾರಿ. ಸುಮಾರು ಇಪ್ಪತ್ತು ನಿಮಿಷಕ್ಕೊಮ್ಮೆ ಎಲ್ಲರೂ ಸುಮ್ಮನಿರುವ ಜಾಗ ನೋಡಿ ಕಿಟಕಿಯ ಟ್ರ್ಯಾಕನ್ನು ಮಾತ್ರ ತುಂಡು ಮಾಡಿ, ಮುಂದಿನ ಚೆಂಡೆ ಪೆಟ್ಟಿಗೆ ಮತ್ತೆ ಕೂರಿಸೋದು. ಇಪ್ಪತ್ತು ನಿಮಿಷದಲ್ಲಿ ತಪ್ಪೋದು 24 ಮಿಲಿಸೆಕೆಂಡ್ ಮಾತ್ರ. ಮುಗಿದ ಮೇಲೆ ಮತ್ತೆ ಗುಂಪಿಗೆ ಸೇರಿಸೋದು ಮರೀಬೇಡಿ. ನಾನು ಮರೆತು ಒಂದು ಭಾನುವಾರ ಕಳಕೊಂಡಿದ್ದೀನಿ.

ಬೆಟ್ಟದಮನೆ ಮಾಣಿ:

ಎಳೆಯುವ ದಾರಿಯೇ ಹಿಡಿದೆ. ಜಾಗಟೆ ಒಂದೇ ಆಯ್ತು! ರಾಯರ ಮಾತಿನಂತೆ 35 ಮಿಲಿಸೆಕೆಂಡ್ ವಾಪಸ್ ಕೊಟ್ಟು ಒಂದು ಸಲ, ಕೊಡದೆ ಒಂದು ಸಲ ಕೇಳಿದೆ. ಬೂಮ್ ಅವರೇ ಕ್ಷಮಿಸಿ, ನನಗೆ ಕೊಟ್ಟದ್ದೇ ನಮ್ಮ ಜಗಲಿಯ ಹಾಗೆ ಕೇಳಿಸಿತು.

ರಾಮನ ಕೆಮ್ಮುಗಳಲ್ಲಿ ಅರ್ಧದಷ್ಟು ಹಾಗೇ ಬಿಟ್ಟಿದ್ದೇನೆ. ವಾಲಿ 'ನಾನು ನಿನಗೇನು ಮಾಡಿದ್ದೆ' ಅಂತ ಕೇಳಿದ ಮೇಲೆ ರಾಮ ಒಂದು ಸಲ ಕೆಮ್ಮಿ, ನೀರು ಕುಡಿದು, ಹನ್ನೊಂದು ಸೆಕೆಂಡ್ ಬಿಟ್ಟು ಮಾತು ಶುರು ಮಾಡುತ್ತಾನೆ. ಹಿಂದಿನ ಸಲ ಇದನ್ನೇ ನಾನು ಮೊದಲು ಕತ್ತರಿಸಿದ್ದು. ಆ ಹನ್ನೊಂದು ಸೆಕೆಂಡಿನಲ್ಲಿ ಕಿಟಕಿಯ ಮೈಕಿನಲ್ಲಿ ಯಾರೋ 'ಈಗ ಹೇಳಲಿ ನೋಡುವಾ' ಅಂದದ್ದೂ ಸಿಕ್ಕಿದೆ.

ಸ್ಪೂಲುರಾಯ:

ಯಾರೋ ಅಲ್ಲ, ಅದು ಯಾರು ಅಂತ ನಿನ್ನಪ್ಪನಿಗೆ ಗೊತ್ತಿರುತ್ತದೆ. ಕೇಳಿ ಮಾರ್ಕರಿನಲ್ಲಿ ಬರೆ. ಆ ಕಾಗದದ ಚಿತ್ರದ್ದೂ ಒಂದು ಫೋಟೋ ತೆಗೆದು ಅದೇ ಫೋಲ್ಡರಿಗೆ ಹಾಕು. ಮಿಕ್ಸ್ ಆದ ಮೇಲೆ ನನಗೊಂದು ಪ್ರತಿ. ಎಂಪಿ3 ಬೇಡ.